ಹತ್ತು ಗಂಟೆ ಅಂದ್ರೆ ಯಾವ ಊರಿನ ಹತ್ತು ಗಂಟೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್‌ನಲ್ಲೋ ಮೆಟ್ರೋದಲ್ಲೋ ನಿಂತು ಓದುವವರಿಗಾಗಿ, ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕ್ತಿದ್ದೀನಿ. ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನೂ ಬಿಡಿಸಿ ಬರೆದಿದ್ದೀನಿ.

ಇವತ್ತಿನ ವಿಷಯ, ಬೇರೆ ಬೇರೆ ದೇಶದವರು ಸೇರಿ ಬಳಸುವ ಆನ್‌ಲೈನ್ ಕ್ಯಾಲೆಂಡರ್‌ನಲ್ಲಿ ಟೈಮ್ ಝೋನ್. ಪುಣೆಯ ಹಿಂಜವಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ಅಮೆರಿಕದ ಟೀಮ್ ಜೊತೆ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಚಳಿಗಾಲವೆಲ್ಲ ರಾತ್ರಿ ಎಂಟೂವರೆಗೆ ಇದ್ದ ಮೀಟಿಂಗ್, ಮಾರ್ಚ್‌ನ ಒಂದು ಸೋಮವಾರ ಏಳೂವರೆಗೆ ಬಂದು ಕೂತಿರುತ್ತೆ. ನವೆಂಬರ್‌ನಲ್ಲಿ ಮತ್ತೆ ಎಂಟೂವರೆಗೆ ಹೋಗುತ್ತೆ. ಯಾರೂ ಅದನ್ನು ಮುಟ್ಟಿಲ್ಲ, ಯಾರೂ ಮೇಲ್ ಹಾಕಿಲ್ಲ. ಕ್ಯಾಲೆಂಡರ್ ಕೆಟ್ಟಿದೆ ಅಂತ ಬೈತೀವಿ. ಕೆಟ್ಟಿರಲ್ಲ. ಮಾಡಬೇಕಾದ ಕೆಲಸವನ್ನೇ ಮಾಡಿರುತ್ತೆ. ಆ ಮೀಟಿಂಗನ್ನು ಯಾವ ಊರಿನ ಗಡಿಯಾರಕ್ಕೆ ಕಟ್ಟಿದ್ದಾರೆ ಅಂತ ನಮಗೆ ಯಾರೂ ಹೇಳಿರಲ್ಲ, ಅಷ್ಟೇ.

ನಾನು ಹೇಳಬೇಕಾದ್ದು ಇದೊಂದೇ ವಿಷಯ. ಕ್ಯಾಲೆಂಡರ್‌ನಲ್ಲಿರುವ ಪ್ರತಿ ಮೀಟಿಂಗಿಗೂ ಒಂದು ಊರು ಇರುತ್ತೆ. ಆ ಊರು ಯಾವುದು ಅಂತ ತಿಳ್ಕೊಂಡರೆ ಅರ್ಧ ಗೊಂದಲ ಹೋಗುತ್ತೆ. ಊರನ್ನು ನೀವೇ ಆರಿಸೋ ಹಾಗಾದ್ರೆ ಇನ್ನರ್ಧವೂ ಹೋಗುತ್ತೆ.

ಮೊದಲು ನಮ್ಮ ಗಡಿಯಾರದ ಬಗ್ಗೆ ಎರಡು ಮಾತು. ಪ್ರಪಂಚದ ಗಡಿಯಾರಗಳೆಲ್ಲ ಯುಟಿಸಿ ಅನ್ನೋ ಒಂದು ಸಾಮಾನ್ಯ ಸಮಯದಿಂದ ಇಷ್ಟು ಮುಂದೆ, ಇಷ್ಟು ಹಿಂದೆ ಅಂತ ಲೆಕ್ಕ ಹಿಡಿಯುತ್ತವೆ. ನಾವು ಐದೂವರೆ ಗಂಟೆ ಮುಂದೆ. ಜನವರಿಯಲ್ಲೂ ಅಷ್ಟೇ, ಜುಲೈನಲ್ಲೂ ಅಷ್ಟೇ. ಈ ಸಮಯ ಶುರುವಾದದ್ದು 1906ರ ಜನವರಿ 1ರಂದು. ಅದಕ್ಕೂ ಮುಂಚೆ ರೈಲುಗಳು ಮದ್ರಾಸ್ ಸಮಯ ಹಿಡಿದು ಓಡ್ತಿದ್ದವು, ಕಲ್ಕತ್ತಕ್ಕೆ ಅದರದೇ ಸಮಯ, ಬೊಂಬಾಯಿಗೆ ಅದರದೇ ಸಮಯ. ಮುಂಬೈನಲ್ಲಿ ಇರೋ ನಮ್ಮವರಿಗೆ ಒಂದು ತಮಾಷೆಯ ವಿಷಯ: ಬೊಂಬಾಯಿ ಸಮಯ ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ ಇತ್ತು, ಮತ್ತು ಆ ನಗರ ಅದನ್ನು 1955ರವರೆಗೂ ಪೂರ್ತಿ ಬಿಟ್ಟಿರಲಿಲ್ಲ. ಅಂದ್ರೆ ಸ್ವಾತಂತ್ರ್ಯ ಬಂದ ಮೇಲೂ ಎಂಟು ವರ್ಷ, ಒಂದೇ ನಗರದಲ್ಲಿ "ಯಾವ ಟೈಮು?" ಅಂತ ಕೇಳಬೇಕಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲವು ವರ್ಷ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಈಗ ನಾವು ಗಡಿಯಾರವನ್ನು ಹಿಂದೆ ಮುಂದೆ ಮಾಡಲ್ಲ.

ಹಾಗಾಗಿ ಡೇಲೈಟ್ ಸೇವಿಂಗ್ ಅನ್ನೋದು ನಮಗೆ ಮೈಗೂಡಿದ ವಿಷಯ ಅಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸ್ತಾರೆ, ನವೆಂಬರ್‌ನ ಮೊದಲ ಭಾನುವಾರ ವಾಪಸ್ ತರ್ತಾರೆ. ಯುರೋಪಿನಲ್ಲೂ ಮಾಡ್ತಾರೆ, ಆದ್ರೆ ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಈ ತಾರೀಖುಗಳು ಒಂದಕ್ಕೊಂದು ಹೊಂದಲ್ಲ ಅನ್ನೋದೇ ಇಲ್ಲಿನ ಕಿರಿಕಿರಿ.

ಲೆಕ್ಕ ಹಾಕಿ ನೋಡೋಣ. ಒಂದು ಟೀಮ್ ಅಂದ್ಕೊಳ್ಳಿ. ಕೆಲವರು ನ್ಯೂಯಾರ್ಕ್‌ನಲ್ಲಿ, ಕೆಲವರು ಬರ್ಲಿನ್‌ನಲ್ಲಿ, ಕೆಲವರು ಪುಣೆಯಲ್ಲಿ. ನ್ಯೂಯಾರ್ಕಿನ ಮ್ಯಾನೇಜರ್ ತಮ್ಮ ಬೆಳಗಿನ 10 ಗಂಟೆಗೆ ಪ್ರತಿ ಸೋಮವಾರ ಅಂತ ಇನ್ವೈಟ್ ಕಳಿಸಿದ್ದಾರೆ. ಫೆಬ್ರವರಿಯಲ್ಲಿ ಅದು ಬರ್ಲಿನ್‌ನಲ್ಲಿ ಸಂಜೆ 4, ಪುಣೆಯಲ್ಲಿ ರಾತ್ರಿ 8:30. ಈಗಿರುವ ನಿಯಮದ ಪ್ರಕಾರ 2026ರ ಮಾರ್ಚ್ 8ಕ್ಕೆ ಅಮೆರಿಕ ಗಡಿಯಾರ ತಿರುಗಿಸುತ್ತೆ. ಮಾರನೇ ದಿನದ ಮೀಟಿಂಗ್ ನ್ಯೂಯಾರ್ಕಿಗೆ 10ಕ್ಕೇ ಇರುತ್ತೆ, ಪುಣೆಗೆ 7:30, ಬರ್ಲಿನ್‌ಗೆ ಮಧ್ಯಾಹ್ನ 3. ಮಾರ್ಚ್ 29ಕ್ಕೆ ಯುರೋಪ್ ತಿರುಗಿಸಿದ ಮೇಲೆ ಬರ್ಲಿನ್‌ನವರು ತಮ್ಮ 4 ಗಂಟೆಗೆ ವಾಪಸ್ ಬರ್ತಾರೆ. ನಾವು 7:30ಕ್ಕೇ ಉಳೀತೀವಿ. ಅಕ್ಟೋಬರ್ 25ರಿಂದ ಮುಂದಿನ ಒಂದು ವಾರ ಬರ್ಲಿನ್‌ಗೆ ಮತ್ತೆ 3 ಗಂಟೆ. ನವೆಂಬರ್ 1ಕ್ಕೆ ಅವರಿಗೆ 4, ನಮಗೆ 8:30.

ನೋಡಿ, ಬರ್ಲಿನ್‌ನವರಿಗೆ ತೊಂದರೆ ವರ್ಷದಲ್ಲಿ ನಾಲ್ಕು ವಾರ. ನ್ಯೂಯಾರ್ಕಿನವರಿಗೆ ಇಲ್ಲವೇ ಇಲ್ಲ. ನಮಗೆ ಮಾತ್ರ ವರ್ಷಕ್ಕೆ ಎರಡು ಸಲ ಇಡೀ ಸಂಜೆ ಅಲುಗಾಡುತ್ತೆ. ಗಡಿಯಾರ ತಿರುಗಿಸದೇ ಇರೋದು ನಾವು, ಆದ್ರೆ ಪ್ರತಿ ಸಲವೂ ಜಾಗ ಬದಲಾಯಿಸೋದೂ ನಾವೇ.

ಈಗ ಅದೇ ಮೀಟಿಂಗನ್ನು ಪುಣೆಯ ಯಾರಾದರೂ ಕರೆದರೆ? ಸಂಜೆ 7:30, ಭಾರತೀಯ ಸಮಯ ಅಂತ. ಬೇಸಿಗೆಯಲ್ಲಿ ನ್ಯೂಯಾರ್ಕಿಗೆ 10, ಬರ್ಲಿನ್‌ಗೆ 4. ನವೆಂಬರ್ ಬಂದ ಮೇಲೆ ನ್ಯೂಯಾರ್ಕಿಗೆ 9, ಬರ್ಲಿನ್‌ಗೆ 3. ನಾವು 7:30ರಲ್ಲೇ ಕಲ್ಲಿನ ಹಾಗೆ ಕೂತಿರ್ತೀವಿ. ಬೆಳಗ್ಗೆ 9 ಅಂದ್ರೆ ಅವರಿಗೆ ಮಗುವನ್ನು ಸ್ಕೂಲಿಗೆ ಬಿಡುವ ಹೊತ್ತು ಇರಬಹುದು, ಅವರು ಗೊಣಗ್ತಾರೆ. ಗೊಣಗಲಿ, ತಪ್ಪೇನಿಲ್ಲ. ಆದ್ರೆ ರಾತ್ರಿ 8:30 ಅಂದ್ರೆ ಇಲ್ಲಿ ಏನು ಅನ್ನೋದೂ ಅವರಿಗೆ ಗೊತ್ತಾಗಬೇಕಲ್ವಾ? ಒಂದು ಗಂಟೆ ತಡ ಅಂದ್ರೆ ಡೇ-ಕೇರ್‌ನವರು ಬಾಗಿಲು ಹಾಕಿರ್ತಾರೆ. ಆಫೀಸಿನಿಂದಲೇ ಸೇರಬೇಕಾದ ಹುಡುಗಿ ಒಂಬತ್ತೂವರೆಗೆ ಮುಗಿಸಿ ಡೊಂಬಿವಲಿಗೆ ಹೋಗಬೇಕು. ಇಂಥ ಕಾರಣಕ್ಕೆ ಕೆಲಸ ಬದಲಾಯಿಸಿದವರು ನನಗೆ ಗೊತ್ತಿದ್ದಾರೆ, ಕೇಳಿದವರಿಗೆಲ್ಲ "ಪರ್ಸನಲ್ ರೀಸನ್" ಅಂತ ಹೇಳಿ.

ಇಲ್ಲಿ ಸರಿಯಾದ ಉತ್ತರ ಅಂತ ಒಂದಿಲ್ಲ. ಯಾರೋ ಒಬ್ಬರು ಜರುಗಲೇಬೇಕು. ನಾನು ಹೇಳೋದು, ಯಾರು ಜರುಗಬೇಕು ಅನ್ನೋದನ್ನು ಇನ್ವೈಟ್ ಕಳಿಸಿದವರ ಲ್ಯಾಪ್‌ಟಾಪ್ ತೀರ್ಮಾನ ಮಾಡೋದು ಬೇಡ. ಗೂಗಲ್ ಕ್ಯಾಲೆಂಡರ್, ಔಟ್‌ಲುಕ್ ಎರಡೂ ಡೀಫಾಲ್ಟ್ ಆಗಿ ಕರೆದವರ ಝೋನನ್ನೇ ಹಿಡಿಯುತ್ತವೆ. ಆದ್ರೆ ಎರಡರಲ್ಲೂ ಇನ್ವೈಟ್ ಮಾಡುವಾಗ ಸಮಯದ ಪಕ್ಕದಲ್ಲೇ ಟೈಮ್ ಝೋನ್ ಬದಲಾಯಿಸೋ ಜಾಗ ಇದೆ. ಪುಣೆಯಲ್ಲಿ ಕೂತವರು ನ್ಯೂಯಾರ್ಕ್ ಝೋನ್ ಹಾಕಿ ಮೀಟಿಂಗ್ ಕರೆಯಬಹುದು, ನ್ಯೂಯಾರ್ಕಿನ ಮ್ಯಾನೇಜರ್ ಭಾರತದ ಝೋನ್ ಹಾಕಿ ಕರೆಯಬಹುದು. ಬಹಳ ಜನ ಆ ಜಾಗವನ್ನು ಒಂದು ಸಲವೂ ಒತ್ತಿ ನೋಡಿರಲ್ಲ. ನಿಮ್ಮ ಮ್ಯಾನೇಜರ್ ಒಳ್ಳೆಯವರಾಗಿದ್ದರೆ ಕೇಳಿ ನೋಡಿ: "ಈ ಮೀಟಿಂಗನ್ನು ಇಂಡಿಯಾ ಟೈಮಿಗೆ ಕಟ್ಟೋಣವಾ?" ಇಷ್ಟು ಕೇಳೋಕೆ ಯಾವ ಟೆಕ್ನಿಕಲ್ ಜ್ಞಾನವೂ ಬೇಕಿಲ್ಲ.

ಇನ್ನು ಇದು ಒಳಗೆ ಹೇಗೆ ನಡೆಯುತ್ತೆ ಅಂತ ನೋಡೋಣ. ಸಾಫ್ಟ್‌ವೇರ್ ಬರೆಯೋರಿಗೆ ಈ ಭಾಗ ಮುಖ್ಯ. ಉಳಿದವರೂ ಓದಿ, ಕಷ್ಟ ಏನಿಲ್ಲ.

ಕ್ಯಾಲೆಂಡರ್‌ಗಳು ಒಂದಕ್ಕೊಂದು ಮಾತಾಡೋಕೆ ಐಕ್ಯಾಲೆಂಡರ್ ಅನ್ನೋ ಒಂದು ಒಪ್ಪಂದ ಇದೆ. ಮೊದಲ ರೂಪ 1998ರಲ್ಲಿ ಬಂತು, ಈಗ ಬಳಕೆಯಲ್ಲಿರೋದು 2009ರಲ್ಲಿ ತಿದ್ದಿದ್ದು. ಮೇಲ್‌ಗೆ ಅಂಟಿಕೊಂಡು ಬರೋ ಇನ್ವೈಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದರೆ ಅದು ಬರೀ ಅಕ್ಷರ. ಅದರಲ್ಲಿ ಶುರುವಿನ ಸಮಯದ ಸಾಲಿನಲ್ಲಿ "ಅಮೆರಿಕಾ/ನ್ಯೂಯಾರ್ಕ್, 10 ಗಂಟೆ" ಅಂತ ಬರೆದಿರುತ್ತೆ. ಇನ್ನೊಂದು ಸಾಲಿನಲ್ಲಿ "ಪ್ರತಿ ವಾರ, ಸೋಮವಾರ" ಅನ್ನೋ ನಿಯಮ. ಐವತ್ತೆರಡು ವಾರದ ಐವತ್ತೆರಡು ಸಮಯಗಳನ್ನು ಎಲ್ಲೂ ಬರೆದಿಡಲ್ಲ. ಊರು ಮತ್ತು ನಿಯಮ, ಇವೆರಡನ್ನು ಇಟ್ಟುಕೊಂಡು ಪ್ರತಿ ಸಲ ಲೆಕ್ಕ ಹಾಕುತ್ತೆ. ಗೂಗಲ್‌ನ ಎಪಿಐ ಬಳಸಿದವರಿಗೆ ಗೊತ್ತಿರುತ್ತೆ, ರಿಪೀಟ್ ಆಗುವ ಇವೆಂಟ್‌ಗೆ ಝೋನ್ ಹೆಸರು ಕೊಡಲೇಬೇಕು. ಒಂದೇ ಸಲದ ಇವೆಂಟಿಗೆ ಯುಟಿಸಿಯಿಂದ ಎಷ್ಟು ಗಂಟೆ ದೂರ ಅಂತ ಹೇಳಿದರೂ ನಡೆಯುತ್ತೆ.

ಇಲ್ಲಿ ನಮ್ಮ ದೇಶದ ಎಂಜಿನಿಯರ್‌ಗಳಿಗೆ ಒಂದು ವಿಶೇಷ ಅಪಾಯ ಇದೆ. "ಎಲ್ಲ ಸಮಯವನ್ನೂ ಯುಟಿಸಿಗೆ ಬದಲಾಯಿಸಿ ಡೇಟಾಬೇಸ್‌ನಲ್ಲಿ ಇಡು, ತೋರಿಸುವಾಗ ಬಳಕೆದಾರರ ಝೋನಿಗೆ ತಿರುಗಿಸು" ಅನ್ನೋದನ್ನು ಎಲ್ಲರೂ ಕಲಿತಿರ್ತೀವಿ. ಆಗಿಹೋದ ವಿಷಯಕ್ಕೆ ಇದು ಬಂಗಾರದಂಥ ಮಾತು. ಯಾರು ಎಷ್ಟು ಹೊತ್ತಿಗೆ ಲಾಗಿನ್ ಆದರು, ಹಣ ಎಷ್ಟು ಹೊತ್ತಿಗೆ ಬಂತು, ಇವೆಲ್ಲ ಆಗಿಹೋದ ಕ್ಷಣಗಳು, ಬದಲಾಗಲ್ಲ. ಆದ್ರೆ ಮುಂದಿನ ಮೀಟಿಂಗ್ ಅನ್ನೋದು ಕ್ಷಣ ಅಲ್ಲ. ಅದು ಒಂದು ಊರಿನ ಗಡಿಯಾರ ಹತ್ತು ತೋರಿಸಿದಾಗ ಸೇರೋಣ ಅನ್ನೋ ಮಾತು. ಅದನ್ನು ಯುಟಿಸಿ ಮಾಡಿ ಊರಿನ ಹೆಸರನ್ನು ಬಿಸಾಕಿದ ತಕ್ಷಣ ಆ ಮಾತು ಕಳೆದುಹೋಯ್ತು. ಪ್ರತಿ ವಾರಕ್ಕೆ 168 ಗಂಟೆ ಕೂಡಿಸ್ತಾ ಹೋದರೆ ಮಾರ್ಚ್‌ನಲ್ಲಿ ನ್ಯೂಯಾರ್ಕಿನವರ ಮೀಟಿಂಗ್ 11ಕ್ಕೆ ಹೋಗಿ ಕೂರುತ್ತೆ.

ಈ ತಪ್ಪು ನಮ್ಮ ಊರಲ್ಲಿ ಕೂತು ಟೆಸ್ಟ್ ಮಾಡಿದರೆ ಎಂದೂ ಸಿಗಲ್ಲ, ಅದೇ ಅಪಾಯ. ಭಾರತದ ಗಡಿಯಾರ ಅಲ್ಲಾಡಲ್ಲವಾದ್ದರಿಂದ 168 ಗಂಟೆ ಕೂಡಿಸಿದರೂ ಸರಿಯಾದ ಉತ್ತರವೇ ಬರುತ್ತೆ. ವರ್ಷವಿಡೀ ಎಲ್ಲ ಟೆಸ್ಟೂ ಪಾಸ್. ಹಾಗಾಗಿ ಟೆಸ್ಟ್ ಮಾಡುವಾಗ ನ್ಯೂಯಾರ್ಕ್ ಒಂದು, ಬರ್ಲಿನ್ ಒಂದು, ಮತ್ತು ಅಕ್ಟೋಬರ್ ಕೊನೆಯ ವಾರ, ಇಷ್ಟನ್ನು ಹಾಕಲೇಬೇಕು. ಜೊತೆಗೆ ಕಾಠ್ಮಂಡು ಹಾಕಿ. ನೇಪಾಳ ಯುಟಿಸಿಗಿಂತ ಐದೂಮುಕ್ಕಾಲು ಗಂಟೆ ಮುಂದೆ. ನಮ್ಮ ಅರ್ಧ ಗಂಟೆಯನ್ನು ದಾಟಿದ ಕೋಡ್ ಕೂಡ ಅವರ ಮುಕ್ಕಾಲಿಗೆ ಎಡವುತ್ತೆ.

ಯಾವ ಊರಿನ ಗಡಿಯಾರ ಯಾವತ್ತು ಎಷ್ಟು ತಿರುಗುತ್ತೆ ಅನ್ನೋ ಪಟ್ಟಿಯನ್ನು ಪ್ರಪಂಚಕ್ಕೆಲ್ಲ ಕೊಡೋದು ಟಿಝಡ್ ಡೇಟಾಬೇಸ್. ಆರ್ಥರ್ ಡೇವಿಡ್ ಓಲ್ಸನ್ ಅನ್ನೋರು ಶುರು ಮಾಡಿದ್ದು, ಆಮೇಲೆ ಪಾಲ್ ಎಗ್ಗರ್ಟ್ ನೋಡಿಕೊಳ್ತಿದ್ದಾರೆ, ಜೊತೆಗೆ ಒಂದಷ್ಟು ಸ್ವಯಂಸೇವಕರು. ನಿಮ್ಮ ಫೋನು, ಬಹುಪಾಲು ಸರ್ವರ್‌ಗಳು, ಎಲ್ಲವೂ ಇದನ್ನೇ ನಂಬಿವೆ. ನಮ್ಮ ಝೋನಿನ ಹೆಸರು ಅದರಲ್ಲಿ "ಏಷ್ಯಾ/ಕೋಲ್ಕತಾ". ಬೆಂಗಳೂರು ಯಾಕಿಲ್ಲ, ಮುಂಬೈ ಯಾಕಿಲ್ಲ ಅಂತ ಹುಡುಕಬೇಡಿ. 1970ರಿಂದ ಈಚೆಗೆ ಗಡಿಯಾರ ಒಂದೇ ರೀತಿ ನಡೆದಿರುವ ಪ್ರದೇಶಕ್ಕೆ ಒಂದು ದೊಡ್ಡ ಊರಿನ ಹೆಸರು ಅನ್ನೋದು ಅವರ ಪದ್ಧತಿ. "ಏಷ್ಯಾ/ಕಲ್ಕತ್ತಾ" ಅನ್ನೋ ಹಳೆಯ ಹೆಸರೂ ಇನ್ನೂ ಕೆಲಸ ಮಾಡುತ್ತೆ, ಹಳೇ ಸಾಫ್ಟ್‌ವೇರ್‌ನಲ್ಲಿ ಕಂಡರೆ ಹೆದರಬೇಡಿ.

ಐಎಸ್‌ಟಿ ಅಂತ ಮೂರು ಅಕ್ಷರ ಬರೆದು ಬಿಡೋಣ ಅನ್ನೋರಿಗೆ ಒಂದು ಮಾತು. ಇಸ್ರೇಲಿಗೂ ಅದೇ ಮೂರು ಅಕ್ಷರ, ಐರ್ಲೆಂಡಿಗೂ ಅದೇ. ಅಮೆರಿಕದವರು ಜುಲೈನಲ್ಲೂ ಇಎಸ್‌ಟಿ ಅಂತ ಬರೀತಾರೆ, ಅದು ಚಳಿಗಾಲದ ಸಮಯದ ಹೆಸರು. ಮನುಷ್ಯರು ಅರ್ಥ ಮಾಡ್ಕೋತಾರೆ, ಕಂಪ್ಯೂಟರ್ ಅಕ್ಷರಶಃ ತಗೊಂಡರೆ ಒಂದು ಗಂಟೆ ಆಚೀಚೆ. ಊರಿನ ಹೆಸರು ಬರೆಯೋದೇ ಕ್ಷೇಮ.

ಪಟ್ಟಿ ಇದ್ದರೂ ಸರ್ಕಾರಗಳು ಮನಸ್ಸು ಬದಲಾಯಿಸ್ತವೆ. 2023ರ ಮಾರ್ಚ್‌ನಲ್ಲಿ ಲೆಬನಾನ್‌ನಲ್ಲಿ ಆದದ್ದು ಇದಕ್ಕೆ ದೊಡ್ಡ ಉದಾಹರಣೆ. 26ಕ್ಕೆ ಗಡಿಯಾರ ತಿರುಗಿಸಬೇಕಿತ್ತು. ಕೆಲವೇ ದಿನ ಮುಂಚೆ ಸರ್ಕಾರ, ರಂಜಾನ್ ಮುಗಿಯೋವರೆಗೆ ಬೇಡ ಅಂತ ಹೇಳಿತು. ಮಾರೊನೈಟ್ ಚರ್ಚು, ಕೆಲವು ಟಿವಿ ಚಾನೆಲ್‌ಗಳು, ಶಾಲೆಗಳು ಒಪ್ಪಲಿಲ್ಲ, ತಮ್ಮ ಪಾಡಿಗೆ ತಿರುಗಿಸಿದವು. ಒಂದೇ ದೇಶದಲ್ಲಿ ಎರಡು ಸಮಯ. ಕೆಲವರ ಫೋನ್ ತಾನಾಗಿ ಬದಲಾಯ್ತು, ಕೆಲವರದು ಇಲ್ಲ. 27ಕ್ಕೆ ಸರ್ಕಾರ ತೀರ್ಮಾನ ವಾಪಸ್ ತಗೊಂಡು, 29ರ ಮಧ್ಯರಾತ್ರಿಗೆ ತಿರುಗಿಸೋಣ ಅಂತ ಹೇಳಿತು. ಬೈರೂತ್‌ನ ಮೀಟಿಂಗ್‌ಗಳನ್ನು ಮುಂಚೆಯೇ ಯುಟಿಸಿ ಮಾಡಿಟ್ಟಿದ್ದ ವ್ಯವಸ್ಥೆಗಳ ಪಾಡು ಯೋಚನೆ ಮಾಡಿ. ಊರಿನ ಹೆಸರು ಇಟ್ಟುಕೊಂಡಿದ್ದವರಿಗೆ ಹೊಸ ಪಟ್ಟಿ ಹಾಕಿ ಲೆಕ್ಕ ಮತ್ತೆ ಹಾಕಿದರೆ ಸಾಕಿತ್ತು.

ಹಾಗಾಗಿ ನಾನು ಸ್ಥಳೀಯ ಸಮಯ, ಝೋನಿನ ಹೆಸರು ಎರಡನ್ನೂ ಮೂಲವಾಗಿ ಇಡ್ತೀನಿ. ಹುಡುಕೋಕೆ, ರಿಮೈಂಡರ್ ಕಳಿಸೋಕೆ ಅನುಕೂಲ ಆಗಲಿ ಅಂತ ಯುಟಿಸಿಯನ್ನು ಪಕ್ಕದಲ್ಲಿ ಬರೆದಿಟ್ಟು, ಪಟ್ಟಿ ಬದಲಾದಾಗೆಲ್ಲ ಅದನ್ನು ಮತ್ತೆ ಲೆಕ್ಕ ಹಾಕ್ತೀನಿ. ಜಾವಾ ಬಳಸೋರು ನೆನಪಿಡಿ, ಅದು ಈ ಪಟ್ಟಿಯ ತನ್ನದೇ ಪ್ರತಿಯನ್ನು ಇಟ್ಟುಕೊಂಡಿರುತ್ತೆ. ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿದ ಮಾತ್ರಕ್ಕೆ ಜಾವಾಗೆ ಹೊಸದು ಸಿಗಲ್ಲ.

ಆಫೀಸ್ ಬಿಟ್ಟು ಮನೆಗೆ ಬರೋಣ. ಮನೆಯವರೆಲ್ಲ ಹಂಚಿಕೊಂಡ ಕ್ಯಾಲೆಂಡರ್ ಈಗ ಎಷ್ಟೋ ಮನೆಯಲ್ಲಿದೆ. ಅಪ್ಪ ಅಮ್ಮ ಚೆನ್ನೈನಲ್ಲಿ, ಮಗ ಡಲ್ಲಾಸ್‌ನಲ್ಲಿ ಅಂತಿಟ್ಕೊಳ್ಳಿ. ಅಮ್ಮ ವಿಜಯದಶಮಿಯನ್ನು ರಾತ್ರಿ 12ರಿಂದ ಮರುದಿನ ರಾತ್ರಿ 11:59ರವರೆಗೆ ಅಂತ ಹಾಕ್ತಾರೆ. ಮಗನಿಗೆ ಅದು ಹಿಂದಿನ ದಿನ ಮಧ್ಯಾಹ್ನ ಒಂದೂವರೆಗೇ ಶುರುವಾಗಿ ಎರಡು ದಿನಕ್ಕೆ ಹರಡಿಕೊಂಡಿರುತ್ತೆ. "ಆಲ್ ಡೇ" ಅಂತ ಟಿಕ್ ಹಾಕಿದರೆ ಆಗ ಅದು ಸಮಯ ಅಲ್ಲ, ಬರೀ ತಾರೀಖು. ಎಲ್ಲಿ ನೋಡಿದರೂ ಅದೇ ತಾರೀಖಿನಲ್ಲಿ ಇರುತ್ತೆ. ಹುಟ್ಟುಹಬ್ಬ, ಬಿಲ್ ಕಟ್ಟುವ ಕೊನೆ ದಿನ, ಇವಕ್ಕೆಲ್ಲ ಇದೇ ಸರಿ.

ಅಪ್ಪ ಆರು ತಿಂಗಳು ಮಗಳ ಮನೆಗೆ ಅಂತ ನ್ಯೂಜೆರ್ಸಿಗೆ ಹೋದರೆ ಇನ್ನೊಂದು ಸಮಸ್ಯೆ. ಬೆಳಗ್ಗೆ 8ರ ಮಾತ್ರೆ ಅಂತ ಕ್ಯಾಲೆಂಡರ್‌ನಲ್ಲಿ ಹಾಕಿದ ರಿಮೈಂಡರ್ ಭಾರತದ ಗಡಿಯಾರಕ್ಕೆ ಕಟ್ಟಿರುತ್ತೆ. ಬೇಸಿಗೆಯಲ್ಲಿ ಅದು ಅಲ್ಲಿ ರಾತ್ರಿ ಹತ್ತೂವರೆಗೆ ಹೊಡ್ಕೊಳ್ಳುತ್ತೆ. ಇದಕ್ಕೆ ಬೇಕಾದ್ದು ಎಲ್ಲಿದ್ದೀನೋ ಅಲ್ಲಿನ 8 ಗಂಟೆ. ಐಕ್ಯಾಲೆಂಡರ್ ಒಪ್ಪಂದದಲ್ಲಿ ಇಂಥ ಝೋನ್ ಇಲ್ಲದ ಸಮಯಕ್ಕೆ ಜಾಗ ಇದೆ, ಆದ್ರೆ ಎಲ್ಲ ಆ್ಯಪ್‌ಗಳೂ ಅದನ್ನು ಕೊಡಲ್ಲ. ಫೋನಿನ ಅಲಾರಂ ಇಟ್ಟರೆ ಸಾಕು, ಅದು ಅಲ್ಲಿನ ಗಡಿಯಾರವನ್ನೇ ಹಿಡಿಯುತ್ತೆ. ಹೊಸ ಸಮಯಕ್ಕೆ ಮಾತ್ರೆ ಹೇಗೆ ಹೊಂದಿಸಬೇಕು ಅನ್ನೋದನ್ನು ಮಾತ್ರ ಹೊರಡುವ ಮುಂಚೆ ಡಾಕ್ಟರನ್ನೇ ಕೇಳಿ.

ಇನ್ನು ಪಂಚಾಂಗ. ಕ್ಯಾಲೆಂಡರ್ ಬರೆದ ಎಂಜಿನಿಯರ್‌ಗಳು ಯೋಚನೆ ಮಾಡದ ಜಾಗ ಇದು, ನನಗೆ ಬಹಳ ಇಷ್ಟವಾದದ್ದೂ ಇದೇ. ತಿಥಿ ಶುರುವಾಗೋದು, ಮುಗಿಯೋದು ಒಂದು ಕ್ಷಣ. ಚಂದ್ರ ಸೂರ್ಯರ ನಡುವಿನ ಕೋನದಿಂದ ಬರೋ ಲೆಕ್ಕವಾದ್ದರಿಂದ ಪ್ರಪಂಚಕ್ಕೆಲ್ಲ ಅದೇ ಕ್ಷಣ. ಆದ್ರೆ ಹಬ್ಬ ಯಾವತ್ತು ಅನ್ನೋದು ಸಾಮಾನ್ಯವಾಗಿ ನೀವಿರುವ ಊರಿನ ಸೂರ್ಯೋದಯಕ್ಕೆ ಯಾವ ತಿಥಿ ಇತ್ತು ಅನ್ನೋದರ ಮೇಲೆ. 2025ರ ಯುಗಾದಿ ನೋಡಿ. ಅಮಾವಾಸ್ಯೆ ಮುಗಿದದ್ದು ಮಾರ್ಚ್ 29ರ ಸಂಜೆ ಸುಮಾರು ನಾಲ್ಕೂವರೆಗೆ, ನಮ್ಮ ಸಮಯದಲ್ಲಿ. ಸೂರ್ಯೋದಯಕ್ಕೆ ಪಾಡ್ಯ ಸಿಕ್ಕಿದ್ದು 30ಕ್ಕೆ, ನಾವು ಬೇವು ಬೆಲ್ಲ ತಿಂದದ್ದೂ 30ಕ್ಕೆ. ಅದೇ ಕ್ಷಣ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 29ರ ನಸುಕಿನ ನಾಲ್ಕು ಗಂಟೆ. ಅಲ್ಲಿ 29ರ ಸೂರ್ಯೋದಯಕ್ಕೇ ಪಾಡ್ಯ. ಅಂದ್ರೆ ಅಲ್ಲಿನ ಲೆಕ್ಕಕ್ಕೆ ಯುಗಾದಿ ಒಂದು ದಿನ ಮುಂಚೆ. ನಮ್ಮ ಯುಗಾದಿಯ ಸಮಯವನ್ನು ಅವರ ಝೋನಿಗೆ ಬದಲಾಯಿಸಿದರೆ ಈ ಉತ್ತರ ಬರಲ್ಲ, ಅಲ್ಲಿನ ಸೂರ್ಯ ಬೇಕು. ಇಲ್ಲಿಂದ ಹಂಚಿಕೊಂಡ ಹಬ್ಬದ ಪಟ್ಟಿ ನೋಡಿ ಅಲ್ಲಿನ ಮಕ್ಕಳು ಏಕಾದಶಿ ಮಾಡಿದರೆ ದಿನ ತಪ್ಪಬಹುದು. ಅಪ್ಪ ಅಮ್ಮ ಮಾಡಿದ ದಿನವೇ ಮಾಡ್ತೀವಿ ಅನ್ನೋರೂ ಇದ್ದಾರೆ, ಅದು ಅವರವರ ಮನೆಯ ವಿಷಯ. ಊರಿನ ಪ್ರಕಾರ ಆಗಬೇಕು ಅನ್ನೋರು ಆ ಊರಿಗೆ ಮಾಡಿದ ಪಂಚಾಂಗದ ಕ್ಯಾಲೆಂಡರನ್ನೇ ಹಾಕಿಕೊಳ್ಳಿ.

ದೆಹಲಿ, ಮುಂಬೈನ ಕನ್ನಡ ಸಂಘಗಳು ಆನ್‌ಲೈನ್ ಕಾರ್ಯಕ್ರಮ ಮಾಡಿ ಹೊರದೇಶದವರನ್ನೂ ಕರೆಯುವಾಗ ವಾಟ್ಸ್ಆ್ಯಪ್ ಪೋಸ್ಟರ್‌ನಲ್ಲಿ "ಭಾನುವಾರ ಸಂಜೆ 6:30" ಅಂತ ಮಾತ್ರ ಹಾಕ್ತಾರೆ. ಯಾವ ಊರಿನ ಸಂಜೆ? "ಭಾರತೀಯ ಸಮಯ" ಅನ್ನೋ ಎರಡು ಪದ ಸೇರಿಸಿ, ಕ್ಯಾಲೆಂಡರ್ ಲಿಂಕ್ ಜೊತೆಗಿಡಿ, ಅವರವರ ಫೋನ್ ತಾನೇ ಬದಲಾಯಿಸಿಕೊಳ್ಳುತ್ತೆ. ಪ್ರತಿ ತಿಂಗಳ ಕಾರ್ಯಕ್ರಮವಾದರೆ ಇನ್ನೊಂದು ಗಮನಿಸಿ. ನಮ್ಮ ಸಂಜೆ 6:30 ಬೇಸಿಗೆಯಲ್ಲಿ ಲಂಡನ್‌ಗೆ ಮಧ್ಯಾಹ್ನ 2, ನ್ಯೂಯಾರ್ಕಿಗೆ ಬೆಳಗ್ಗೆ 9, ಕ್ಯಾಲಿಫೋರ್ನಿಯಾಗೆ ಬೆಳಗ್ಗೆ 6. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದವರಿಗೆ ಬೆಳಗ್ಗೆ 5. ರಾಜ್ಯೋತ್ಸವದ ಕಾರ್ಯಕ್ರಮ ಬರೋದೇ ನವೆಂಬರ್‌ನಲ್ಲಿ. ಅಲ್ಲಿಂದ ಹಾಡೋಕೆ ಮಕ್ಕಳಿದ್ದರೆ ಒಂದು ಗಂಟೆ ಮುಂದೆ ಹಾಕಿ, ಪಾಪ.